ಅಲಸಂದೆ ತಿಂದವರು

ಶಾಲೆಯ ಟೀಚರು ನಮ್ಮ ಕಟ್ಟೆಯ ಮೇಲೆ ಬಂದು ಕುಳಿತಾಗ ನನಗೆ ಮೊದಲು ಬಂದ ಯೋಚನೆ, ಇವರನ್ನು ಕಳಿಸಿದ್ದು ಯಾರು ಎಂಬುದು. ಸೊರಬದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಹೆಣ್ಣುಮಗಳು. ನಮ್ಮೂರ ಶಾಲೆಗೆ ಬಂದು ಎರಡು ವರ್ಷವಾಗಿತ್ತು. ಅಲ್ಲಿಯವರೆಗೆ ಒಂದು ದಿನವೂ ನಮ್ಮ ಮನೆಯ ಮೆಟ್ಟಿಲು ಹತ್ತಿದವರಲ್ಲ. ಸರಿಯಾಗಿ ನಾನು ಕುರಿಯವನ ಮೇಲೆ ದೂರು ಹೇಳಿದ ಮೂರನೆಯ ದಿನ ಬಂದಿದ್ದರು. ಕುರಿಯವನ ಮಗಳು ಇವರ ಹತ್ತಿರವೇ ಐದನೆಯ ತರಗತಿ ಓದುತ್ತಿದ್ದಳು. ಒಂದಕ್ಕೊಂದು ಕೂಡಿಸಿ ನೋಡಲು ಹೆಚ್ಚಿನ ಓದು ಬೇಕಿರಲಿಲ್ಲ.

ದೂರು ಇಷ್ಟೇ. ಆ ವರ್ಷ ಭತ್ತ ಕೊಯ್ದ ಮೇಲೆ ನಾನು ಮೇಲಿನ ಗದ್ದೆಯಲ್ಲಿ ಕುರಿ ಹಿಂಡು ನಿಲ್ಲಿಸಿಕೊಂಡಿದ್ದೆ. ಶಿಕಾರಿಪುರದ ಈ ಮಗ್ಗುಲಲ್ಲಿ ಇದು ಹಿಂದಿನಿಂದ ಬಂದದ್ದು. ಸಂಜೆ ಕುರಿಯವನು ಖಾಲಿ ಗದ್ದೆಗೆ ಹಿಂಡು ತಂದು ಸುತ್ತ ಬಲೆ ಕಟ್ಟುತ್ತಾನೆ. ಬೆಳಗಾಗುವಷ್ಟರಲ್ಲಿ ನೆಲಕ್ಕೆ ಬೇಕಾದಷ್ಟು ಹಿಕ್ಕೆ, ಗಂಜಲ ಬಿದ್ದಿರುತ್ತದೆ. ನಾವು ಒಂದೊಂದು ರಾತ್ರಿಗೂ ಇಷ್ಟು ಎಂದು ಅವನಿಗೆ ಭತ್ತ ಅಳೆದು ಕೊಡುತ್ತೇವೆ. ಅವನ ಮನೆಯವರು ವರ್ಷವಿಡೀ ಉಣ್ಣುವುದು ಹೀಗೆ ಬಂದ ಭತ್ತವನ್ನೇ.

ಹಿಂಡು ಎದ್ದು ಹೋದ ದಿನವೇ ಆ ಗದ್ದೆಗೆ ಬೋರಿನ ನೀರು ಹಾಯಿಸಿ, ಗೊಬ್ಬರ ಕರಗಿದ ನೀರನ್ನು ಕೆಳಗಿನ ಮಡಿಗೆ ಇಳಿಸುವುದು ನನ್ನ ಕ್ರಮ. ಊರಲ್ಲಿ ಬೇರೆ ಯಾರೂ ಹಾಗೆ ಮಾಡುವುದಿಲ್ಲ. ನಾನೇ ಕಂಡುಕೊಂಡದ್ದು, ಅದರ ಬಗ್ಗೆ ನನಗೆ ಹೆಮ್ಮೆಯೂ ಇತ್ತು. ಆ ಸಲ ಕೆಳಗಿನ ಮಡಿಯಲ್ಲಿ ಅಲಸಂದೆ ಹಾಕಿದ್ದೆ. ಹುಟ್ಟಿ ನಾಲ್ಕು ಎಲೆ ಬಿಟ್ಟಿತ್ತು. ಹಿಂಡು ಮೂರು ರಾತ್ರಿ ನಿಂತು ಪಕ್ಕದವರ ಗದ್ದೆಗೆ ಹೋಯಿತು. ನಾನು ನೀರು ಬಿಟ್ಟೆ. ಮರುದಿನ ಬೆಳಗ್ಗೆ ಹೋಗಿ ನೋಡಿದರೆ ಅಲಸಂದೆಯ ಏಳೆಂಟು ಸಾಲು ಬೋಳು. ಬುಡದಲ್ಲಿ ಕುರಿ ಹಿಕ್ಕೆ, ಹಸಿ ಹಸಿ, ಕರ್ರಗೆ ಹೊಳೆಯುತ್ತಿತ್ತು.

ನಾನು ಬಗ್ಗಿ ಕೂಡ ನೋಡಲಿಲ್ಲ. ರಾತ್ರಿ ಪಕ್ಕದ ಗದ್ದೆಯಲ್ಲಿ ಬಲೆ ಸಡಿಲ ಬಿಟ್ಟಿದ್ದಾನೆ, ಕುರಿ ನುಗ್ಗಿವೆ. ಸೀದಾ ಚಹಾದಂಗಡಿಗೆ ಹೋಗಿ ಹತ್ತು ಜನರ ಎದುರು ಹೇಳಿದೆ. ಆ ಹೊತ್ತಿಗೆ ಕುರಿಯವನೂ ಅಲ್ಲೇ ಬೆಂಚಿನ ಮೇಲೆ ಕುಳಿತಿದ್ದ. “ನಮ್ಮವು ಬಲೆ ದಾಟಿಲ್ಲ ಗೌಡ್ರೆ” ಎಂದು ಒಂದೇ ಮಾತು ಹೇಳಿದ. “ಹಿಕ್ಕಿ ನಂದೇನು ಹಂಗಾರೆ?” ಎಂದೆ. ಎಲ್ಲರೂ ನಕ್ಕರು. ಅವನು ಅರ್ಧ ಲೋಟ ಚಹಾ ಬಿಟ್ಟು ಎದ್ದು ಹೋದ.

ಬೆಳೆ ಮೇಯಿಸುವ ಕುರಿಯವನನ್ನು ಯಾರೂ ಗದ್ದೆಗೆ ಕರೆಯುವುದಿಲ್ಲ. ಅವತ್ತು ಸಂಜೆಯೊಳಗೆ ಹಿಂಡು ನಿಲ್ಲಿಸಲು ಮಾತು ಕೊಟ್ಟಿದ್ದ ಇಬ್ಬರು ಬೇಡವೆಂದು ಹೇಳಿ ಕಳಿಸಿದರು. ಒಬ್ಬರು ನಮ್ಮೂರವರೇ, ಇನ್ನೊಬ್ಬರು ಈಸೂರಿಗೆ ಹೋಗುವ ರಸ್ತೆಯಲ್ಲಿ ಗದ್ದೆ ಇರುವವರು. ಸೋಮವಾರ ನಮ್ಮಲ್ಲಿ ಎತ್ತಿಗೆ ನೊಗ ಹಾಕುವುದಿಲ್ಲ. ಅದಕ್ಕೇ ಊರ ಹಿರಿಯರು ನ್ಯಾಯಕ್ಕೆ ಕೂರುವುದೂ ಅವತ್ತೇ. ಅವರೂ ನನ್ನ ದೂರು ಹೌದೆಂದರೆ ಆ ಸುಗ್ಗಿಗೆ ಹಿಂಡಿಗೆ ನಮ್ಮೂರ ಗಡಿಯೊಳಗೆ ಜಾಗವಿಲ್ಲ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಯಲು ಸೀಮೆಯ ಕಡೆ ಇಳಿಯಬೇಕು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದ್ದೆ.

ಹಾಗಾಗಿ ಟೀಚರು ನೀರು ಕುಡಿದು ಲೋಟ ಕೆಳಗಿಡುವವರೆಗೂ ನಾನು ಬಾಯಿ ಬಿಡಲಿಲ್ಲ. ಕುರಿಯವನ ಪರವಾಗಿ ಯಾವ ಮಾತಿನಿಂದ ಶುರು ಮಾಡುತ್ತಾರೆ, ನೋಡೋಣ ಎಂದು ಕಾದೆ.

“ಎಂತ ಇಲ್ಲ ಗೌಡ್ರೆ. ಮಕ್ಕಳಿಗೆ ಆಹಾರದ ಪಾಠ ಇದೆ. ಮನುಷ್ಯರು ಹೆಂಗೆ ಊಟ ಸಂಪಾದಿಸ್ತಾರೆ, ಪ್ರಾಣಿಗಳು ಹೆಂಗೆ ಸಂಪಾದಿಸ್ತವೆ ಅಂತ. ಪುಸ್ತಕದಲ್ಲಿ ಸಿಂಹದ ಚಿತ್ರ ಹಾಕಿದಾರೆ. ನಮ್ಮ ಮಕ್ಕಳು ಸಿಂಹ ಎಲ್ಲಿ ನೋಡ್ಬೇಕು? ನಾಳೆ ಶನಿವಾರ ಬೆಳಗಿನ ಶಾಲೆ. ನಿಮ್ಮ ಗದ್ದೆ ತೋರಿಸ್ತೀರಾ ಅಂತ ಕೇಳಕ್ಕೆ ಬಂದೆ.”

“ಊರಾಗ ಅಷ್ಟು ಜನ ಓದಿದೋರು ಅದಾರ. ನಾನು ಆರನೇ ಕ್ಲಾಸಿಗೆ ಶಾಲೆ ಬಿಟ್ಟವ್ನು.”

“ಗದ್ದೆ ಬಿಟ್ಟಿಲ್ಲಲ್ಲ.”

ನಮ್ಮ ಮನೆಯವಳು ಒಳಗಿನಿಂದ ನಕ್ಕದ್ದು ಕೇಳಿಸಿತು. ನನ್ನನ್ನು ಯಾರೂ ಶಾಲೆ ಬಿಡಿಸಲಿಲ್ಲ, ನಾನೇ ಬಿಟ್ಟೆ. ಮಾಸ್ತರು ನಾಲ್ಕು ಜನರ ಎದುರು ನನ್ನ ಅಪ್ಪನ ಹರಿದ ಅಂಗಿಯ ಬಗ್ಗೆ ಏನೋ ಅಂದರು. ಮರುದಿನ ಎತ್ತಿನ ಹಗ್ಗ ಹಿಡಿದೆ. ಅಂದಿನಿಂದ ಶಾಲೆಯವರು ಮೆತ್ತಗೆ ಮಾತಾಡಿದರೆ ನನಗೆ ಅದರ ಹಿಂದೆ ಏನಿದೆ ಎಂದು ನೋಡುವ ಚಾಳಿ. ಈ ಹೆಣ್ಣುಮಗಳ ಮುಖದಲ್ಲಿ ಏನೂ ಕಾಣಲಿಲ್ಲ. ಕಾಣದಿದ್ದದ್ದೇ ಅನುಮಾನ ಹೆಚ್ಚಿಸಿತು.

ಆದರೂ ಬರಲಿ ಎಂದೆ. ಹೇಳುವಾಗಲೇ ನನಗೊಂದು ಯೋಚನೆ ಹೊಳೆದಿತ್ತು. ಆ ಮಡಿಗೆ ಯಾರೂ ಕಾಲಿಡದ ಹಾಗೆ ಮುಳ್ಳು ಹಾಕಿ ಇಟ್ಟಿದ್ದೆ, ಸೋಮವಾರ ಹಿರಿಯರಿಗೆ ತೋರಿಸಲು. ಇಪ್ಪತ್ತಮೂರು ಮಕ್ಕಳು ಬಂದು ನೋಡಿದರೆ ಇಪ್ಪತ್ತಮೂರು ಮನೆಯಲ್ಲಿ ಸಾಕ್ಷಿ. ಟೀಚರೂ ನೋಡಲಿ, ಆ ಹುಡುಗಿಯೂ ನೋಡಲಿ.

ಟೀಚರು ಹೋದ ಮೇಲೆ ನಮ್ಮ ಮನೆಯವಳು ಲೋಟ ಎತ್ತಿಕೊಳ್ಳುತ್ತ ಕೇಳಿದಳು, “ಮಕ್ಕಳನ್ನ ಮುಂದಿಟ್ಕೊಂಡು ಪಂಚಾಯ್ತಿ ಮಾಡ್ತೀರೇನು?”

“ಪಾಠ ಮಾಡ್ತೀನಿ” ಎಂದೆ.

ಮಾಡಿದೆ ಕೂಡ. ಶನಿವಾರ ಬೆಳಗ್ಗೆ ಮಕ್ಕಳು ಸಾಲಾಗಿ ಬದುವಿನ ಮೇಲೆ ಬಂದು ನಿಂತರು. ಮೊದಲ ಪ್ರಶ್ನೆಯನ್ನು ಸುಲಭದ್ದೇ ಕೇಳಿದೆ. “ಅಕ್ಕಿ ಎಲ್ಲಿಂದ ಬರ್ತೈತಿ?”

“ಸೊಸೈಟಿಯಿಂದ” ಎಂದರು ಎಲ್ಲರೂ ಒಟ್ಟಿಗೆ.

ನನಗೆ ಸಿಟ್ಟು ಬಂತು. ಹೇಳಿಕೊಟ್ಟು ಕರೆತಂದಿದ್ದಾರೆ ಎನ್ನಿಸಿತು. ಟೀಚರನ್ನು ನೋಡಿದರೆ ಅವರು ತಲೆ ಕೆಳಗೆ ಹಾಕಿದ್ದರು. ಗದ್ದೆ ಇದ್ದ ಮನೆಯ ಒಬ್ಬ ಹುಡುಗ ಆಮೇಲೆ ಬಿಡಿಸಿ ಹೇಳಿದ, “ನಮ್ಮ ಭತ್ತ ಮಂಡಿಗೆ ಹೋಗ್ತೈತಿ ಅಜ್ಜಾ. ನಾವು ಉಣ್ಣಾದು ಸೊಸೈಟಿ ಅಕ್ಕಿನೇ.” ಅದು ಸುಳ್ಳಾಗಿರಲಿಲ್ಲ. ನಮ್ಮ ಮನೆಯಲ್ಲೂ ಅರ್ಧ ವರ್ಷ ಹಾಗೇ.

ಮಾತು ಬೇಡ, ಕೈಯಿಂದಲೇ ತೋರಿಸೋಣ ಎಂದು ಬದುವಿನ ಒಂದು ಇಲಿ ಬಿಲವನ್ನು ಗುದ್ದಲಿಯಿಂದ ಅಗೆದೆ. ಮೊಣಕೈ ಆಳದಲ್ಲಿ ಭತ್ತದ ತೆನೆಗಳು, ಒಂದೇ ಅಳತೆಗೆ ಕತ್ತರಿಸಿ, ಒಂದರ ಪಕ್ಕ ಒಂದು ಜೋಡಿಸಿಟ್ಟದ್ದು. ಸೇರಿನಷ್ಟಾದರೂ ಇತ್ತು. ಮಕ್ಕಳು ಮುಗಿಬಿದ್ದರು.

“ಅಜ್ಜಾ, ಇದು ನಿಮ್ಮ ಭತ್ತನೋ, ಇಲೀದೋ?”

“ನಂದೇ. ನಾನು ಬೆಳ್ದದ್ದು.”

“ಹೊತ್ತು ತಂದದ್ದು ಅದಲ್ಲೇನು?”

“ಹೊತ್ತು ತಂದೋರದೇ ಆಗೋದಾದ್ರ ನಿಮ್ಮನಿ ಬಂಗಾರನೂ ಕಳ್ಳರದೇ ಆತು.” ಇದಕ್ಕೆ ಮಕ್ಕಳು ನಕ್ಕರು. ನನಗೂ ಹುರುಪು ಬಂತು. ಕೊಕ್ಕರೆ ಎತ್ತಿನ ಹಿಂದೆ ಯಾಕೆ ನಡೆಯುತ್ತದೆ, ಇರುವೆ ಮಳೆಗೆ ಮುಂಚೆ ಏನು ಸಾಗಿಸುತ್ತದೆ, ಗಿಳಿ ತೆನೆಯನ್ನು ತಿನ್ನುವುದಕ್ಕಿಂತ ಉದುರಿಸುವುದು ಎಷ್ಟು ಹೆಚ್ಚು, ಎಲ್ಲ ಹೇಳಿದೆ. ಟೀಚರು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಯಾಕೆ ಬರೆಯುತ್ತಾರೋ, ನಾಳೆ ಎಲ್ಲಿ ಓದುತ್ತಾರೋ ಎಂದು ಅದರ ಮೇಲೂ ಒಂದು ಕಣ್ಣಿಟ್ಟೆ.

ಆಮೇಲೆ ಹಲ್ಲಿನ ಪಾಠ. ನಾನು ಮುಖ್ಯವೆಂದುಕೊಂಡದ್ದು ಇದೇ. ಬೆಳೆ ತಿಂದವರು ಯಾರು ಎಂದು ಹೇಳಲು ತಿಂದವರನ್ನು ನೋಡಬೇಕಿಲ್ಲ, ತಿಂದು ಬಿಟ್ಟದ್ದನ್ನು ನೋಡಿದರೆ ಸಾಕು. “ಎತ್ತಿಗೆ ಮುಂದಿನ ಮೇಲುಹಲ್ಲು ಇಲ್ಲ” ಎಂದರೆ ಮಕ್ಕಳು ನಂಬಲಿಲ್ಲ. ನಮ್ಮ ಎತ್ತಿನ ಬಾಯಿ ಬಿಡಿಸಿ ತೋರಿಸಿದೆ. ಒಬ್ಬೊಬ್ಬರೇ ಇಣುಕಿ ನೋಡಿದರು. “ಕುರಿ ಮೇಕೆಗೂ ಹಿಂಗೇ. ಇವು ಹರೀತಾವ. ಹರಿದ ತುದಿ ನಾರು ನಾರಾಗಿರ್ತೈತಿ. ಇಲಿಗೆ, ಮೊಲಕ್ಕೆ ಮೇಲೂ ಕೆಳಗೂ ಉಳಿಯಂಥ ಹಲ್ಲು. ಅವು ಕೊಯ್ತಾವ. ಕುಡುಗೋಲಿನಾಗ ಕೊಯ್ದಂಗ ಓರೆಯಾಗಿರ್ತೈತಿ.” ಹುಲ್ಲಿನ ಗರಿ ಕಿತ್ತು ಎರಡನ್ನೂ ತೋರಿಸಿದೆ. ಇಷ್ಟು ಹೊತ್ತೂ ಕುರಿಯವನ ಮಗಳು ಹಿಂದೆ ನಿಂತಿದ್ದಳು. ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ತಪ್ಪಿದ್ದವರ ಮನೆಯ ಮಗು ಹೀಗೇ ಇರುತ್ತದೆ ಎಂದುಕೊಂಡೆ.

ಕೊನೆಗೆ ಮುಳ್ಳು ಸರಿಸಿ ಅಲಸಂದೆ ಮಡಿಗೆ ಕರೆದುಕೊಂಡು ಹೋದೆ. ಬೋಳು ಸಾಲುಗಳನ್ನು ತೋರಿಸಿದೆ. ನೆಲದ ಮೇಲಿನ ಹಿಕ್ಕೆ ತೋರಿಸಿದೆ.

“ಇದು ಯಾರ ಹಿಕ್ಕಿ?”

“ಕುರೀದು” ಎಂದರು.

ನಾನು ಬೇಕೆಂದೇ ಅವಳ ಕಡೆ ತಿರುಗಿದೆ. “ಏನವ್ವ, ನಿನಗೆ ಗೊತ್ತಿರಬೇಕಲ್ಲ. ಯಾರ ಕುರೀದು?”

ಅವಳು ಮುಂದೆ ಬಂದು ಕುಕ್ಕರುಗಾಲಲ್ಲಿ ಕುಳಿತಳು. ಒಂದು ಹಿಕ್ಕೆ ಎತ್ತಿ ಬೆರಳಲ್ಲಿ ಒಡೆದು ನೋಡಿದಳು. “ನಮ್ಮವೇ ಅಜ್ಜಾ. ಆದ್ರ ಇಲ್ಲಿ ಹಾಕಿದ್ದಲ್ಲ.”

“ಮತ್ತೆ ರೆಕ್ಕೆ ಬಂದು ಹಾರಿ ಬಂತೇನು?”

ಮಕ್ಕಳು ನಕ್ಕರು. ಅವಳು ನಗಲಿಲ್ಲ, ಅಳಲೂ ಇಲ್ಲ. “ಕುರಿ ಮೇಯ್ತಾ ಮೇಯ್ತಾ ಹಾಕ್ತಾವ. ಅಲ್ಲಿಷ್ಟು ಇಲ್ಲಿಷ್ಟು ಬೀಳ್ತೈತಿ. ಇದು ನೋಡ್ರಿ, ಬದುವಿನ ಮಗ್ಗುಲಿಗೆ ಗೆರಿ ಎಳ್ದಂಗ ಐತಿ. ಮತ್ತೆ ಹೆಜ್ಜಿ ಎಲ್ಲೈತಿ? ನಿಮ್ಮ ಹೆಜ್ಜಿ ಕೆಸರಾಗ ಒಣಗಿ ಕುಂತೈತಿ, ಕುರೀದು ಒಂದೂ ಇಲ್ಲ.”

ನಾನು ನೆಲ ನೋಡಿದೆ. ನೀರು ಬಿಟ್ಟ ಮರುದಿನ ಬೆಳಗ್ಗೆ ನಾನು ಬಂದು ನಿಂತಿದ್ದ ಎರಡು ಕಾಲಿನ ಗುರುತು ಹಾಗೇ ಇತ್ತು. ಗೊರಸಿನ ಗುರುತು ಇರಲಿಲ್ಲ.

“ನಿಮ್ಮಪ್ಪ ಹೇಳಿಕೊಟ್ಟನೇನು ಇದನ್ನ?”

“ನಮ್ಮಪ್ಪ ಬುಧವಾರದಿಂದ ಮನ್ಯಾಗ ಮಾತೇ ಆಡಿಲ್ಲ.”

ಟೀಚರು ಪುಸ್ತಕ ಮುಚ್ಚಿದರು. “ಗೌಡ್ರೆ, ಹಿಕ್ಕೆ ನೀರಲ್ಲಿ ಮುಳುಗ್ತದೋ ತೇಲ್ತದೋ?” ಎಂದು ಕೇಳಿದರು. ಸಿಕ್ಕಿಸಲು ಕೇಳಿದ್ದೋ, ಗೊತ್ತಿಲ್ಲದೆ ಕೇಳಿದ್ದೋ ನನಗೆ ಇವತ್ತಿಗೂ ತಿಳಿಯದು. ನಲವತ್ತು ವರ್ಷ ಕುರಿ ಗೊಬ್ಬರ ಹಾಕಿದವನು ನಾನು, ಅದು ತೇಲುತ್ತದೋ ಮುಳುಗುತ್ತದೋ ಎಂದು ಒಮ್ಮೆಯೂ ನಿಂತು ನೋಡಿರಲಿಲ್ಲ. ನೀರು ಬಿಟ್ಟು ಮನೆಗೆ ಹೋಗುತ್ತಿದ್ದೆ. “ಮುಳುಗ್ತೈತಿ, ನೋಡ್ರಿ ಬೇಕಾದ್ರ” ಎಂದು ಹೇಳಿ ಬೋರಿನ ಸ್ವಿಚ್ಚು ಒತ್ತಿದೆ. ದಿನಾ ಕೈ ಕೊಡುವ ಕರೆಂಟು ಅವತ್ತು ಸರಿಯಾಗಿ ಇತ್ತು.

ನೀರು ಮೇಲಿನ ಗದ್ದೆಯಲ್ಲಿ ಹರಡಿತು. ಅಲ್ಲಿ ಎತ್ತರದ ಕಡೆ ಇನ್ನೂ ಒಣ ಹಿಕ್ಕೆ ರಾಶಿ ರಾಶಿ ಉಳಿದಿತ್ತು. ನಾನು ನಡುವಿನ ಬದುವಿನ ಬಾಯಿ ಕಡಿದೆ. ಮೊದಲು ಕೆಂಪು ನೀರು ಬಂತು, ಆಮೇಲೆ ನೊರೆ, ಅದರ ಮೇಲೆ ಹಿಕ್ಕೆ. ಒಂದರ ಹಿಂದೆ ಒಂದು ತೇಲಿಕೊಂಡು ಬಾಯಿ ದಾಟಿ, ಸ್ವಲ್ಪ ಸುತ್ತು ಹೊಡೆದು, ಅಲಸಂದೆ ಸಾಲಿನೊಳಗೆ ಸರಿದು, ನೀರು ನಿಧಾನವಾದಲ್ಲಿ ಬದುವಿಗೆ ಅಂಟಿ ನಿಂತವು. ಹಳೆಯ ಗೆರೆಯ ಮೇಲೇ ಹೊಸ ಗೆರೆ. ಮಕ್ಕಳು ಬದುವಿನ ಉದ್ದಕ್ಕೂ ಅವುಗಳ ಜೊತೆ ಓಡಿದರು. “ನಂದು ಮುಂದೆ, ನಂದು ಮುಂದೆ” ಎಂದು ಪಂದ್ಯ ಕಟ್ಟಿದರು.

ನಾನು ಗುದ್ದಲಿ ಹಿಡಿದು ನಿಂತೇ ಇದ್ದೆ. ಇಲಿ ಭತ್ತದ ಬಗ್ಗೆ ಕೇಳಿದ್ದ ಹುಡುಗ ಬೋಳು ಸಾಲಿನಿಂದ ಒಂದು ಮೋಟು ಕಿತ್ತು ತಂದ. “ಅಜ್ಜಾ, ಇದು ಹರಿದದ್ದಲ್ಲ. ಕೊಯ್ದದ್ದು.” ನೋಡಿದೆ. ಓರೆಯಾಗಿ, ನುಣ್ಣಗೆ ಕೊಯ್ದಿತ್ತು. ಮಕ್ಕಳು ಅಷ್ಟಕ್ಕೇ ಬಿಡಲಿಲ್ಲ. ಬದುವಿನಾಚೆಯ ಪೊದೆಗೆ ನುಗ್ಗಿ ಮೊಲದ ಹಿಕ್ಕೆಯನ್ನೂ ಹುಡುಕಿ ತಂದರು, ಚಪ್ಪಟೆ, ಒಣಗಿದ ಹೊಟ್ಟಿನಂಥದ್ದು. ಪಾಠ ಅವರಿಗೆ ಚೆನ್ನಾಗಿಯೇ ತಲೆಗೆ ಹತ್ತಿತ್ತು.

ಟೀಚರು ಮಕ್ಕಳನ್ನು ಸಾಲು ಮಾಡಿಸಿದರು. ಆ ಹುಡುಗಿ ಕಾಲುವೆಯಲ್ಲಿ ಕೈ ತೊಳೆದು, ಲಂಗಕ್ಕೆ ಒರೆಸಿಕೊಂಡು, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು, “ಸೋಮವಾರ ಏನು ಹೇಳ್ತೀರಿ ಅಜ್ಜಾ?”

“ನಡಿ, ಸಾಲಿನಾಗ ನಡಿ” ಎಂದೆ.

ಮನೆಗೆ ಬಂದು ಗುದ್ದಲಿ ಇಟ್ಟು ಕಟ್ಟೆಯ ಮೇಲೆ ಕುಳಿತೆ. ಸುಳ್ಳು ಹೇಳುವುದಿಲ್ಲ, ಇದನ್ನು ಹೇಗಾದರೂ ಮುಚ್ಚಿಬಿಡಬಹುದೇ ಎಂದೇ ಮೊದಲು ಯೋಚಿಸಿದೆ. ಮೊಲವೂ ತಿಂದಿರಬಹುದು, ಕುರಿಯೂ ತಿಂದಿರಬಹುದು ಎಂದು ಹೇಳಬಹುದು. ಮಕ್ಕಳ ಆಟವನ್ನು ಹಿರಿಯರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಯೇ ಎನ್ನಬಹುದು. ಟೀಚರಿಗೂ ಕುರಿಯವನಿಗೂ ಒಳಗೊಳಗೇ ಮಾತಾಗಿದೆ ಎಂದರೆ ನಂಬುವವರೂ ನಾಲ್ಕು ಜನ ಸಿಗುತ್ತಾರೆ. ನನ್ನ ಮುಖ ನೋಡಿಯೇ ನಮ್ಮ ಮನೆಯವಳು ಹೇಳಿದಳು, “ಆ ಮನುಷ್ಯನ ಅನ್ನ ಕಿತ್ಕೊಂಡು ನಾವು ಅಲಸಂದಿ ಪಲ್ಯ ಮಾಡ್ಕೊಂಡು ಉಣ್ಣಾದೇನು? ನಾನಂತೂ ಬಡಿಸಲ್ಲ.”

ಭಾನುವಾರ ಬೆಳಗ್ಗೆ ಚಹಾದಂಗಡಿಗೆ ಹೋದೆ. ಅದೇ ಹೊತ್ತು, ಹೆಚ್ಚು ಕಡಿಮೆ ಅದೇ ಜನ. ಕುಳಿತುಕೊಳ್ಳದೆ ಹೇಳಿದೆ. “ಅಲಸಂದಿ ತಿಂದದ್ದು ಮೊಲ. ಹಿಕ್ಕಿ ಬಂದದ್ದು ನಾನು ಬಿಟ್ಟ ನೀರಿನಾಗ. ಕುರಿಯವನ ತಪ್ಪಿಲ್ಲ.”

“ಪರೀಕ್ಷೆ ಬರ್ದದ್ದು ಮಕ್ಕಳೋ, ನೀವೋ ಗೌಡ್ರೆ?” ಎಂದ ಒಬ್ಬ.

“ನಾನೇ. ಫೇಲ್” ಎಂದೆ. ಅವರು ನಗುತ್ತಿರುವಾಗಲೇ ಹೊರಗೆ ಬಂದೆ.

ಹಿಂಡು ಬೇಡವೆಂದಿದ್ದ ಇಬ್ಬರಲ್ಲಿ ನಮ್ಮೂರಿನವರ ಮನೆಯಲ್ಲಿ ಕೆಲಸ ಬೇಗ ಆಯಿತು. ಅವರ ಮೊಮ್ಮಗಳೂ ಶನಿವಾರದ ಸಾಲಿನಲ್ಲಿ ಇದ್ದವಳೇ. ಹಿಂಡು ಬರಲಿ ಎಂದರು. ಈಸೂರು ರಸ್ತೆಯವರ ಹತ್ತಿರ ಮಾತ್ರ ಗಂಟಲು ಒಣಗುವವರೆಗೂ ಮಾತಾಡಿದೆ. ಅವರು ಕಣದಲ್ಲಿ ಹುಲ್ಲು ಒಟ್ಟುತ್ತಿದ್ದರು. ಪೂರ್ತಿ ಕೇಳಿಸಿಕೊಂಡು, ಸುತ್ತ ಯಾರೂ ಇಲ್ಲವೆಂದು ನೋಡಿ, ದನಿ ತಗ್ಗಿಸಿ ಕೇಳಿದರು. “ಖರೇ ಹೇಳ್ರಿ. ಒಂದು ಮರಿ ಕೊಟ್ನೇನು ಅವ?”

“ಏನು ಮಾತು ಅಂತ ಆಡ್ತೀರಿ.”

“ಬುಧವಾರ ಒಂದು ಹೇಳಿದ್ರಿ, ಭಾನುವಾರ ಒಂದು ಹೇಳ್ತೀರಿ. ನಿಮ್ಮಂಥ ಗಟ್ಟಿ ಮನುಷ್ಯ ಸುಮ್ಮನೆ ಮಾತು ಬದಲು ಮಾಡಲ್ಲ. ನೀವು ಮೊದಲು ಹೇಳಿದ್ದೇ ಖರೇ ಇರ್ಬೇಕು. ನನಗೆ ಆ ಹಿಂಡು ಬೇಡ.”

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಮೊದಲು ಮರಿಯ ಬಗ್ಗೆಯೇ ಕೇಳುತ್ತಿದ್ದೆ. ನಾನು ಹೇಳಿದ ಮಾತು ನನಗಿಂತ ಮುಂಚೆ ಅಲ್ಲಿಗೆ ಬಂದು ಬೇರು ಬಿಟ್ಟಿತ್ತು. ಕೀಳಲು ನನ್ನ ಕೈಯಲ್ಲೇ ಆಗಲಿಲ್ಲ.

ಸೋಮವಾರ ಹಿರಿಯರ ಎದುರು ಹೇಳಿದ್ದು ಹೆಚ್ಚು ಹೊತ್ತು ಹಿಡಿಯಲಿಲ್ಲ. ಎಲ್ಲರಿಗೂ ಗೊತ್ತಾಗಿಬಿಟ್ಟಿತ್ತು. ಎಲ್ಲರೂ ಎದ್ದ ಮೇಲೆ ಕುರಿಯವನು ನನ್ನ ಹತ್ತಿರ ಬಂದ. ಕೈ ಮುಗಿಯಲಿಲ್ಲ.

“ಈಸೂರು ರಸ್ತೆದು ಐದು ರಾತ್ರಿ ಹೋತು” ಎಂದ.

“ಆ ಐದೂ ನನ್ನ ಗದ್ದ್ಯಾಗ ನಿಲ್ಲಿಸು. ಅವರು ಕೊಡೋಷ್ಟೇ ನಾನೂ ಅಳೀತೀನಿ.”

ನನ್ನ ಗದ್ದೆಗೆ ಬೇಕಾದ ಗೊಬ್ಬರ ಆಗಲೇ ಬಿದ್ದಿತ್ತು. ಅದು ಅವನಿಗೂ ಗೊತ್ತು. ಅವನ ಅನುಮಾನ ನನಗೆ ಅರ್ಥವಾಯಿತು. ಮತ್ತೆ ಕರೆದು ಮತ್ತೆ ಏನು ಹೊರಿಸುತ್ತಾನೋ ಎಂದು ಅವನು ನನ್ನನ್ನು ಅಳೆಯುತ್ತಿದ್ದ. ಕೊನೆಗೆ ಹೇಳಿದ, “ಬರ್ತೀನಿ. ಆದ್ರ ದಿನಾ ಬೆಳಗ್ಗೆ ಹಿಂಡು ಏಳೋಕ್ಕಿಂತ ಮೊದ್ಲು ನೀವು ಬರ್ಬೇಕು. ಅಲಸಂದಿ ಮಡಿ ಸುತ್ತ ನಡ್ದು, ಎಲ್ಲಾ ಐತಿ ಅಂತ ಬಾಯಿಬಿಟ್ಟು ಹೇಳ್ಬೇಕು. ಆಮ್ಯಾಲೆ ಬಲಿ ಬಿಚ್ತೀನಿ.”

ಐದೂ ದಿನ ಬೆಳಗ್ಗೆ ಹೋದೆ. ನನ್ನ ಗದ್ದೆಯಲ್ಲಿ ನನಗಾಗಿ ಕಾದು ನಿಂತವರು ಅದುವರೆಗೆ ಯಾರೂ ಇರಲಿಲ್ಲ. ಇಬ್ಬನಿಯಲ್ಲಿ ಪಂಚೆಯ ಅಂಚು ಒದ್ದೆಯಾಗುತ್ತಿತ್ತು. ಅವನು ಬಲೆಯ ಗಂಟಿನ ಮೇಲೆ ಕೈ ಇಟ್ಟು ನನ್ನನ್ನೇ ನೋಡುತ್ತ ನಿಂತಿರುತ್ತಿದ್ದ. ನಾನು ಸಾಲು ಸಾಲು ನೋಡಿ ಬಂದು “ಎಲ್ಲಾ ಐತಿ” ಎನ್ನುತ್ತಿದ್ದೆ. ನನ್ನದೇ ಮಡಿಯಲ್ಲಿ, ನನ್ನ ವಯಸ್ಸಿನಲ್ಲಿ, ಇನ್ನೊಬ್ಬ ಹೇಳಿದಂತೆ ನಡೆಯುವುದು ಕಷ್ಟವಾಗುತ್ತಿತ್ತು. ಮೊದಲ ದಿನ ಅವನು ಎರಡು ಸಲ ಹೇಳಿದ ಮೇಲೆ ನಡೆದೆ. ಎರಡನೆಯ ದಿನದಿಂದ ಹೇಳಿಸಿಕೊಳ್ಳದೆ ನಡೆದೆ.

ಕೊನೆಯ ಬೆಳಗ್ಗೆ ಒಂದು ಸುತ್ತು ಮುಗಿಸಿ ಬಂದಾಗ ಅವನು ಗಂಟು ಬಿಚ್ಚಲಿಲ್ಲ. “ಆ ಪೂರ್ವದ ಮೂಲಿ ನೋಡ್ಲಿಲ್ಲ ನೀವು” ಎಂದ.

ನೋಡಿದ್ದೆ. ಆದರೂ ತಿರುಗಿ ಹೋಗಿ ಆ ಮೂಲೆಯಲ್ಲಿ ಬಗ್ಗಿ, ಒಂದೊಂದು ಗಿಡ ಮುಟ್ಟಿ ನೋಡಿ ಬಂದೆ. “ಎಲ್ಲಾ ಐತಿ.”

“ದಾರ್ಯಾಗ ಜನ ಹೊಂಟಾರ. ಅವರಿಗೂ ಕೇಳಂಗ ಹೇಳ್ರಿ.”

ಕೇಳುವ ಹಾಗೆ ಹೇಳಿದೆ. ಗೊಬ್ಬರದ ಬುಟ್ಟಿ ಹೊತ್ತು ಹೋಗುತ್ತಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಅವನು ಬಲೆ ಬಿಚ್ಚಿದ. ಹಿಂಡು ಎದ್ದು ಮೈ ಕೊಡವಿಕೊಂಡು, ಬರಲಿ ಎಂದಿದ್ದ ನಮ್ಮೂರಿನವರ ಗದ್ದೆಯ ಕಡೆ ಹೊರಟಿತು. ಬದುವಿನ ಮೇಲೆ ಕುಳಿತು ಜಡೆಗೆ ರಿಬ್ಬನ್ ಕಟ್ಟಿಕೊಳ್ಳುತ್ತಿದ್ದ ಹುಡುಗಿ ಚೀಲ ಹೆಗಲಿಗೇರಿಸಿ, ಕುರಿಗಳ ಹಿಂದೆ ಹೋಗದೆ, ಶಾಲೆಯ ದಾರಿ ಹಿಡಿದಳು.